ಗಣಕಯಂತ್ರದ ದಾನವೂ ಅದರ ಒಳ ಅಂಗಗಳೂ

ಗ್ರಾಮಾಂತರದ ಶಾಲೆಗೆ ಗಣಕಯಂತ್ರ ಕೊಡಿಸುವುದು ಈಗ ವಿದ್ಯಾದಾನದ ಒಂದು ಪ್ರಕಾರವೇ ಆಗಿದೆ. ಹಳೆಯ ವಿದ್ಯಾರ್ಥಿಗಳು ಅಭಿಮಾನದಿಂದ ತಂದು ಒಪ್ಪಿಸುತ್ತಾರೆ. ಆಯುಧಪೂಜೆಯಂದು ಅದಕ್ಕೆ ವಿಭೂತಿ, ಹೂವು ಸಲ್ಲುತ್ತವೆ. ಕೆಲವೇ ವರ್ಷಗಳಲ್ಲಿ ಅದೇ ಯಂತ್ರ ಬಟ್ಟೆ ಹೊದ್ದು ಮೂಲೆ ಸೇರಿರುವ ದೃಶ್ಯವೂ ಅಪರೂಪವಲ್ಲ. ಲೋಪವಿರುವುದು ದಾನಿಯ ಔದಾರ್ಯದಲ್ಲಲ್ಲ, ಆಯ್ಕೆಯಲ್ಲಿ. ಎತ್ತು ಕೊಳ್ಳುವ ರೈತನು ಕೊಂಬಿನ ಬಣ್ಣಕ್ಕೆ ಮರುಳಾಗದೆ ಬಾಯಿ ತೆರೆಸಿ ಹಲ್ಲು ನೋಡುತ್ತಾನೆ. ಗಣಕಯಂತ್ರ ಕೊಳ್ಳುವ ವಿದ್ಯಾವಂತರಾದರೋ ಪರದೆಯ ಅಗಲವನ್ನೂ ಪೆಟ್ಟಿಗೆಯ ಮೇಲಣ ಹೆಸರನ್ನೂ ನೋಡಿ ಹಣ ಎಣಿಸಿಬಿಡುತ್ತಾರೆ.

ಸಾಗರ ತಾಲ್ಲೂಕಿನ ತುಮರಿಯಂತಹ ಊರಿನಲ್ಲಿ ಈ ಅಲಕ್ಷ್ಯದ ಬೆಲೆ ಹೆಚ್ಚು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು ಶರಾವತಿಯ ಹಿನ್ನೀರು ಹರಡಿದ ಮೇಲೆ ಈ ಸೀಮೆಗೆ ಸಾಗರವು ಹೊಳೆಯಾಚೆಯ ಊರಾಯಿತು. ಲಾಂಚನ್ನೋ ಬಹುದೂರದ ಸುತ್ತುಹಾದಿಯನ್ನೋ ನೆಚ್ಚಬೇಕಿದ್ದ ಕಾಲ 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆಯುವುದರೊಂದಿಗೆ ಮುಗಿಯಿತು. ದುರಸ್ತಿಗಾರನು ಈಗ ಸುಲಭವಾಗಿ ಬರಬಲ್ಲನು, ನಿಜ. ಆದರೆ ಸೇತುವೆಯು ಮಳೆಗಾಲದ ತೇವವನ್ನು ತಡೆಯದು, ಸಿಡಿಲನ್ನು ತಡೆಯದು, ಮರ ಬಿದ್ದು ತಂತಿ ಹರಿಯುವುದನ್ನೂ ತಡೆಯದು. ನಾಡಿಗೆಲ್ಲ ವಿದ್ಯುತ್ತನ್ನಿತ್ತ ನೀರಿನ ದಂಡೆಯಲ್ಲಿಯೇ ದೀಪ ಆರಿ ಆರಿ ಹೊತ್ತುವುದೆಂದರೆ ಎಂತಹ ವಿಪರ್ಯಾಸ!

ಮಾರುವವರು ಮೊದಲು ಹೇಳುವುದು ಪ್ರೊಸೆಸರಿನ ಹೆಸರನ್ನು. ಲೆಕ್ಕ ಮಾಡುವ ಮುಖ್ಯಾಂಗ ಅದೇ ಆದರೂ ಪಾಠ, ಅಂಕಪಟ್ಟಿ, ಕನ್ನಡ ಬೆರಳಚ್ಚುಗಳಿಗೆ ಇತ್ತೀಚಿನ ತಲೆಮಾರಿನ ಸಾಧಾರಣ ಪ್ರೊಸೆಸರ್ ಧಾರಾಳವಾಗಿ ಸಾಕು. ಅಲ್ಲಿ ಉಳಿಸಿದ ಹಣವನ್ನು ರ್‍ಯಾಮಿಗೂ ಎಸ್.ಎಸ್.ಡಿ.ಗೂ ವಿನಿಯೋಗಿಸುವುದು ವಿವೇಕ. ಓದುವಾತನು ಎದುರಿಗೆ ಹರಡಿಕೊಂಡ ಗ್ರಂಥಗಳಂತೆ ರ್‍ಯಾಮ್. ಕಪಾಟಿನಲ್ಲಿ ಇರಿಸಿದವುಗಳಂತೆ ಡಿಸ್ಕು. ಮೇಜು ಕಿರಿದಾದರೆ ಎಂತಹ ವಿದ್ವಾಂಸನೂ ಪದೇ ಪದೇ ಕಪಾಟಿಗೆ ಎದ್ದು ಹೋಗಬೇಕಾಗುವುದು. ವಿಂಡೋಸ್ 11ಕ್ಕೆ ಕನಿಷ್ಠ 4 ಜಿ.ಬಿ. ರ್‍ಯಾಮ್ ಬೇಕೆಂದಿದೆ, ಅದು ಉಸಿರಾಡುವುದಕ್ಕಷ್ಟೆ, ಓಡುವುದಕ್ಕೆ 8 ಇರಬೇಕು. ಹಳೆಯ ಹಾರ್ಡ್ ಡಿಸ್ಕಿನೊಳಗೆ ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುವ ತಟ್ಟೆಯುಂಟು, ಎಸ್.ಎಸ್.ಡಿ.ಯಲ್ಲಿ ಚಲಿಸುವ ಭಾಗವೇ ಇಲ್ಲ, ವೇಗವೂ ಹಲವು ಪಟ್ಟು ಹೆಚ್ಚು. 256 ಜಿ.ಬಿ. ಸಾಲದೆಂಬ ಭಯ ಭಾಷಾ ಪಂಡಿತರಿಗಂತೂ ಬೇಡ. ಯೂನಿಕೋಡಿನ ರೂಢಿಯ ಬರಹದಲ್ಲಿ ಕನ್ನಡದ ಒಂದು ಚಿಹ್ನೆಗೆ 3 ಬೈಟು. ಪುಟಕ್ಕೆ 1500 ಚಿಹ್ನೆಯಂತೆ 500 ಪುಟದ ಗ್ರಂಥಕ್ಕೆ ಸುಮಾರು ಎರಡೂಕಾಲು ಎಂ.ಬಿ. ಸಾಕು. ಬರಿಯ ಅಕ್ಷರಗಳಾದರೆ ಹತ್ತಾರು ಸಾವಿರ ಗ್ರಂಥಗಳು ಅದರಲ್ಲಿ ಹಿಡಿಸುತ್ತವೆ. ಜಾಗ ನುಂಗುವುದು ಸಾಹಿತ್ಯವಲ್ಲ, ವೀಡಿಯೊ.

ಹೆಸರಾಂತ ಕಂಪನಿಯದಾದರೆ ಸಾಲದೆ ಎಂದು ಕೇಳುವವರಿದ್ದಾರೆ. ಸಾಲದು. ಬಿಚ್ಚಿ ಅಂಗಗಳನ್ನು ಬದಲಿಸಬಹುದಾದ ಪೆಟ್ಟಿಗೆಯ ಯಂತ್ರವೇ ಇಂತಹ ಶಾಲೆಗೆ ಯೋಗ್ಯ. ಲ್ಯಾಪ್‌ಟಾಪಿಗೆ ತನ್ನದೇ ಬ್ಯಾಟರಿ ಇರುವುದು ದೊಡ್ಡ ಅನುಕೂಲವೇ. ಆದರೆ ಹಲವು ಲ್ಯಾಪ್‌ಟಾಪುಗಳಲ್ಲಿ ರ್‍ಯಾಮನ್ನು ಮದರ್‌ಬೋರ್ಡಿಗೇ ಬೆಸೆದಿರುವುದರಿಂದ ಮುಂದೆ ಹೆಚ್ಚಿಸಲಾಗದು. ಮದರ್‌ಬೋರ್ಡಿನಲ್ಲಿ ರ್‍ಯಾಮಿಗೆ ಒಂದು ಖಾಲಿ ಸ್ಥಾನವಿದೆಯೇ ಎಂದು ಕೊಳ್ಳುವಾಗಲೇ ವಿಚಾರಿಸಬೇಕು. ಅದೇ ಮದರ್‌ಬೋರ್ಡಿನಲ್ಲಿ ನಾಣ್ಯದಾಕಾರದ 3 ವೋಲ್ಟಿನ ಒಂದು ಸೆಲ್ಲು ಸಾಮಾನ್ಯವಾಗಿ ಇರುತ್ತದೆ. ಅದು ಬರಿದಾದರೆ ಯಂತ್ರವು ದಿನಾಂಕವನ್ನು ಮರೆಯುತ್ತದೆ. ದಿನಾಂಕ ತಪ್ಪಿದರೆ ಅಂತರ್ಜಾಲದ ಅನೇಕ ತಾಣಗಳು ತೆರೆಯಲೊಲ್ಲವು. ಅಲ್ಪ ಬೆಲೆಯ ಸೆಲ್ಲಿಗಾಗಿ ಸಾವಿರಾರು ರೂಪಾಯಿಯ ಯಂತ್ರ ಕೆಟ್ಟಿತೆಂದು ಮೂಲೆಗೆ ಸರಿಯುವುದುಂಟು! ತೇವದಿಂದ ರ್‍ಯಾಮಿನ ಅಂಚಿಗೆ ಮಲಿನ ಹಿಡಿದು ಯಂತ್ರ ಮೌನವಹಿಸಿದಾಗ ಮಕ್ಕಳ ರಬ್ಬರಿನಿಂದ ಮೆಲ್ಲಗೆ ಉಜ್ಜಿ ಮರಳಿ ಕೂರಿಸುವುದು ದುರಸ್ತಿಗಾರರ ರೂಢಿ. ಶಿಕ್ಷಕರಲ್ಲಿ ಒಬ್ಬರಾದರೂ ಇಷ್ಟನ್ನು ಕಲಿಯಬೇಕು. ರಜೆಯಲ್ಲಿಯೂ ವಾರಕ್ಕೊಮ್ಮೆ ಯಂತ್ರವನ್ನು ನಡೆಯಿಸಿ ಒಳಗನ್ನು ಬೆಚ್ಚಗಿಡಬೇಕು.

ನಗರದ ಕಚೇರಿಗಳು ಬಿಟ್ಟ ಯಂತ್ರಗಳನ್ನು ದಾನವಾಗಿ ಕಳುಹುವವರಿಗೂ ಒಂದು ಮಾತು. ವಿಂಡೋಸ್ 10ರ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿತು. ವಿಂಡೋಸ್ 11 ಟಿ.ಪಿ.ಎಂ. 2.0 ಎಂಬ ಭದ್ರತಾ ಅಂಗವನ್ನು ಕೇಳುವುದರಿಂದ ಬಹಳ ಹಳೆಯ ಯಂತ್ರಗಳಿಗೆ ಹೊಂದದು. ಅಂತಹವನ್ನು ತಿರಸ್ಕರಿಸಬೇಕೆಂದಲ್ಲ. ಎಸ್.ಎಸ್.ಡಿ. ಹಾಕಿಸಿ, ರ್‍ಯಾಮ್ ಹೆಚ್ಚಿಸಿ, ಉಚಿತವಾದ ಲಿನಕ್ಸನ್ನು ಅಳವಡಿಸಿ ಕಳುಹಿದರೆ ಅವು ಇನ್ನೂ ಕೆಲವು ವರ್ಷ ದುಡಿಯುತ್ತವೆ. ಹಾಗೆಯೇ ಕಳುಹಿದರೆ ಮನೆಯ ಹೊರೆ ಶಾಲೆಗೆ ಸಾಗಿದಂತೆ.

ಯು.ಪಿ.ಎಸ್. ಇಲ್ಲದ ಗಣಕಯಂತ್ರವನ್ನು ಇಂತಹ ಊರಿನ ಶಾಲೆ ಸ್ವೀಕರಿಸಲೇಬಾರದು. ಅದರ ಬ್ಯಾಟರಿಯನ್ನು ಕೆಲವು ವರ್ಷಗಳಿಗೊಮ್ಮೆ ಬದಲಿಸಲು ದಾನದ ಹಣದಲ್ಲಿಯೇ ಒಂದಂಶವನ್ನು ತೆಗೆದಿರಿಸಬೇಕು. ಅಂಗಡಿಯ ರಸೀದಿಯಲ್ಲಿ ರ್‍ಯಾಮ್, ಎಸ್.ಎಸ್.ಡಿ., ಮದರ್‌ಬೋರ್ಡ್, ಪವರ್ ಸಪ್ಲೈಗಳ ವಿವರವನ್ನು ಬೇರೆ ಬೇರೆಯಾಗಿ ಬರೆಯಿಸಿಕೊಳ್ಳಬೇಕು. ಕೋಣೆಗೆ ಸರಿಯಾದ ಅರ್ಥಿಂಗ್ ಇದೆಯೇ ಎಂಬುದನ್ನು ಯಂತ್ರ ಬರುವ ಮೊದಲೇ ಪರೀಕ್ಷಿಸಬೇಕು. ಅರ್ಥಿಂಗ್ ಗುಂಡಿಯ ಮೇಲೆ ದಾನಿಯ ಹೆಸರು ಕೆತ್ತಿಸಲು ಸ್ಥಳವಿಲ್ಲ. ಆದರೂ ಮುಂದಿನ ಮಳೆಗಾಲಕ್ಕೆ ಮುನ್ನ ಮೊದಲು ಆಗಬೇಕಾದ ಕೆಲಸ ಅದೇ.