ಕಲಿಕೆಗೆ ವಯಸ್ಸಿನ ಗೆರೆ ಬೇಡ

ಗ್ರಾಮೀಣ ಭಾಗದ 6 ಕೋಟಿ ಕುಟುಂಬಗಳಲ್ಲಿ ಮನೆಗೊಬ್ಬರಿಗೆ ಕಂಪ್ಯೂಟರ್, ಮೊಬೈಲ್ ಬಳಕೆ ಕಲಿಸಲು ಕೇಂದ್ರ ಸರ್ಕಾರ ರೂಪಿಸಿದ್ದ ಡಿಜಿಟಲ್ ಸಾಕ್ಷರತಾ ಅಭಿಯಾನ 2024ರ ಮಾರ್ಚ್ 31ಕ್ಕೆ ಮುಗಿದಿದೆ. ಲೆಕ್ಕದಲ್ಲಿ ಗುರಿ ಮುಟ್ಟಿದ್ದು ನಿಜ. ಆದರೆ ಅದು ಬರೀ 20 ಗಂಟೆಗಳ ಪಾಠ. 60 ದಾಟಿದವರಿಗೆ ಅದರಲ್ಲಿ ಪ್ರವೇಶವೇ ಇರಲಿಲ್ಲ. ಒಟಿಪಿ ಓದಲಾಗದ ವೃದ್ಧೆ ಇಂದಿಗೂ ಫೋನನ್ನು ಯಾರದೋ ಕೈಗಿತ್ತು, ‘ಏನು ಬಂದಿದೆ ನೋಡಪ್ಪಾ’ ಎನ್ನಬೇಕು. ಖಾತೆಯ ಹಣಕ್ಕೆ ಕನ್ನ ಬೀಳುವುದು ಅಲ್ಲಿಯೇ.

ಅಕ್ಷರ ಬಾರದವರಿಗೆ ಯಂತ್ರ ಒಗ್ಗದು ಎಂಬ ಮಾತನ್ನು ತೆಲಂಗಾಣದ ಜಹೀರಾಬಾದ್ ಸೀಮೆ ಎಂದೋ ಸುಳ್ಳು ಮಾಡಿದೆ. ಮೈಸೂರು ಮೂಲದ ದಿವಂಗತ ಪಿ.ವಿ. ಸತೀಶ್ ಮುನ್ನಡೆಸಿದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ದಲಿತ ಕೃಷಿಕ ಮಹಿಳೆಯರು, ಅವರಲ್ಲಿ ಹಲವರು ಶಾಲೆಯ ಮುಖ ಕಾಣದವರು, ಕ್ಯಾಮೆರಾ ಹಿಡಿದು ಚಿತ್ರ ತೆಗೆದರು, ಸಂಕಲನ ಕಲಿತರು. ಮಾಚನೂರಿನ ಸಂಘಂ ರೇಡಿಯೊ 2008ರ ಅಕ್ಟೋಬರ್‌ನಲ್ಲಿ 90.4 ಮೆಗಾಹರ್ಟ್ಸ್‌ನಲ್ಲಿ ಪ್ರಸಾರ ಆರಂಭಿಸಿದಾಗ ಧ್ವನಿಮುದ್ರಣದ ಗುಂಡಿಗಳ ಮೇಲಿದ್ದುದೂ ಇಂಥವೇ ಕೈಗಳು. ಪ್ರಮಾಣಪತ್ರಕ್ಕಾಗಿ ಅಲ್ಲ, ತಮ್ಮ ಬೀಜ, ಬೆಳೆ, ಹಾಡುಗಳ ಮಾತನ್ನು ತಾವೇ ಹೇಳಲು ಅವರು ಕಲಿತರು; ಹಾಗಾಗಿಯೇ ಕಲಿತದ್ದು ಉಳಿಯಿತು. ಪೆದ್ದೆಮುಲ್, ತಾಂಡೂರು, ನಾರಾಯಣಖೇಡದ ಹಳ್ಳಿಗಳಿಗೂ ಇದೇ ಮಾದರಿ ಬೇಕು. ವಯಸ್ಸಿನ ಮಿತಿಯಿಲ್ಲದೆ, ಮಹಿಳಾ ಸಂಘಗಳ ಮೂಲಕ, ಅವರದೇ ಫೋನನ್ನು ಅವರ ಕೈಯಲ್ಲಿಟ್ಟು, ಕನ್ನಡದವರಿಗೆ ಕನ್ನಡದಲ್ಲೇ ಕಲಿಸುವ ವ್ಯವಸ್ಥೆಯನ್ನು ತೆಲಂಗಾಣ ಸರ್ಕಾರ ರೂಪಿಸಬೇಕು; ಕಲಿಸುವ ಹೆಣ್ಣುಮಕ್ಕಳಿಗೆ ಗೌರವಧನವನ್ನೂ ಕೊಡಬೇಕು.