ದೋಷವಲ್ಲದ ದೋಷ

ಪುಣೆಯ ಸಂಸ್ಥೆಯೊಂದಕ್ಕಾಗಿ ಹನಿ ನೀರಾವರಿಯ ಸಮೀಕ್ಷಾ ವರದಿಯನ್ನು ಕನ್ನಡಕ್ಕೆ ತರುತ್ತಿದ್ದೆ. ರಿಗ್ರೆಷನ್ ಕೋಷ್ಟಕದಲ್ಲಿ ಪ್ರತಿ ಗುಣಾಂಕದ ಕೆಳಗೂ ಇನ್ನೊಂದು ಸಂಖ್ಯೆ, ಸ್ಟ್ಯಾಂಡರ್ಡ್ ಎರರ್. ‘ಪ್ರಮಾಣಿತ ದೋಷ’ ಎಂದು ಬರೆದು ಕಳಿಸಿದೆ. ಕರಡು ಓದಿದವರು ಫೋನ್ ಮಾಡಿದರು: “ದೋಷ ಇರೋ ಅಂಕಿ ರೈತರಿಗೆ ಯಾಕೆ ಮೇಡಂ? ಆ ಸಾಲು ತೆಗೆದುಬಿಡಿ.” ತೆಗೆದೆ. ಅವರನ್ನೇನೂ ದೂರುವಂತಿಲ್ಲ. ಕನ್ನಡದಲ್ಲಿ ದೋಷ ಅಂದರೆ ಕುಜದೋಷ, ದೃಷ್ಟಿದೋಷ. ಪರಿಹಾರ ಮಾಡಿಸಿ ಕಳೆದುಕೊಳ್ಳಬೇಕಾದದ್ದು.

ಆದರೆ ಆ ಸಾಲು ಯಾರ ತಪ್ಪನ್ನೂ ಹೇಳುತ್ತಿರಲಿಲ್ಲ. ಹೀಗಿಟ್ಟುಕೊಳ್ಳಿ: ಹನಿ ನೀರಾವರಿ ಇರುವ ಮನೆಗೆ ತಿಂಗಳಿಗೆ 800 ರೂಪಾಯಿ ಹೆಚ್ಚು ಆದಾಯ ಎನ್ನುತ್ತದೆ ಗುಣಾಂಕ, ಕೆಳಗಿನ ಸಂಖ್ಯೆ 500. ಅದೇ ಊರುಗಳಲ್ಲಿ ಬೇರೆ ಬೇರೆ ಮನೆಗಳನ್ನು ಆರಿಸಿ ಸಮೀಕ್ಷೆಯನ್ನು ಮತ್ತೆ ಮತ್ತೆ ಮಾಡಿದ್ದರೆ, ಉತ್ತರ ಸಾಮಾನ್ಯವಾಗಿ ಸುಮಾರು 500 ರೂಪಾಯಿಯಷ್ಟು ಆಚೀಚೆ ಹೊಯ್ದಾಡುತ್ತಿತ್ತು ಎಂದರ್ಥ. ರೂಢಿಯಂತೆ ಎರಡರಷ್ಟು ಅಂತರ ಬಿಟ್ಟರೆ, 200 ರೂಪಾಯಿ ನಷ್ಟದಿಂದ 1,800 ರೂಪಾಯಿ ಲಾಭದವರೆಗೆ ಏನೂ ಇರಬಹುದು. ಸಾಲ ಮಾಡಿ ಪೈಪು ಹಾಕಿಸುವವನಿಗೆ ಇದು ಸಣ್ಣ ಮಾತೇ?

ಮನೆಗಳ ಸಂಖ್ಯೆ ನಾಲ್ಕು ಪಟ್ಟಾದರೆ ಈ ಹೊಯ್ದಾಟ ಸುಮಾರು ಅರ್ಧಕ್ಕಿಳಿಯುತ್ತದೆ. ಇನ್ನೊಂದು ತೊಡಕು ಇದಕ್ಕಿಂತ ಸೂಕ್ಷ್ಮ. ಪೈಪು ಹಾಕಿಸಿದವರೆಲ್ಲ ಹೆಚ್ಚು ಜಮೀನಿನವರೇ ಆಗಿದ್ದರೆ, ಆದಾಯ ತಂದದ್ದು ಪೈಪೋ ಜಮೀನೋ ಎಂದು ರಿಗ್ರೆಷನ್ನಿಗೆ ಬಿಡಿಸಿ ಹೇಳಲಾಗದು. ಆಗ ಎರಡು ಗುಣಾಂಕಗಳ ಹೊಯ್ದಾಟವೂ ಹಿಗ್ಗುತ್ತದೆ. ಸಮೀಕ್ಷೆ ತಲುಪದೇ ಬಿಟ್ಟ ಮನೆಗಳ ವಿಷಯ ಮಾತ್ರ ಈ ಸಂಖ್ಯೆಗೆ ಗೊತ್ತಾಗದು.

ಸರಾಸರಿಯೊಂದನ್ನೇ ನಂಬಬಹುದೇ ಎಂಬ ಜಗಳ ಪುಣೆಗೆ ಹೊಸತಲ್ಲ. 1971ರಲ್ಲಿ ಗೋಖಲೆ ಸಂಸ್ಥೆಯ ವಿ.ಎಂ. ದಾಂಡೇಕರ್ ಮತ್ತು ನೀಲಕಂಠ ರಥ 2,250 ಕ್ಯಾಲೊರಿಯ ಅಳತೆಯಿಂದ ಬಡವರನ್ನು ಎಣಿಸಿದರು. ದೇಹದ ಅಗತ್ಯ ಎಲ್ಲರಿಗೂ, ಎಲ್ಲ ದಿನವೂ ಒಂದೇ ಅಲ್ಲ, ಸರಾಸರಿಗಿಂತ ಕಡಿಮೆ ಉಂಡವರೆಲ್ಲ ಹಸಿದವರಲ್ಲ ಎಂದು ಸಂಖ್ಯಾಶಾಸ್ತ್ರಜ್ಞ ಪಿ.ವಿ. ಸುಖಾತ್ಮೆ ವಾದಿಸಿದರು. ದಾಂಡೇಕರ್ ಒಪ್ಪಲಿಲ್ಲ. (ನನ್ನ ಒಲವೂ ದಾಂಡೇಕರರ ಕಡೆಗೇ.) ಅಲ್ಲಿನ ಏರಿಳಿತ ದೇಹಗಳದ್ದು, ಸ್ಟ್ಯಾಂಡರ್ಡ್ ಎರರ್ ಹೇಳುವುದು ಅಂದಾಜಿನದ್ದು, ಎರಡನ್ನೂ ಬೆರೆಸಬಾರದು. ಆದರೂ ಆ ಏರಿಳಿತಕ್ಕೆ ಎಷ್ಟು ಜಾಗ ಬಿಡುತ್ತೀರಿ ಎಂಬುದರ ಮೇಲೆ ಬಡವರ ಎಣಿಕೆಯೇ ಬದಲಾಗುತ್ತಿತ್ತು.

ಪಠ್ಯಪುಸ್ತಕದವರು ‘ದೋಷ’ವನ್ನೇ ಇಟ್ಟುಕೊಳ್ಳಲಿ. ರೈತರ ಕೈಗೆ ಹೋಗುವ ಹಾಳೆಯಲ್ಲಿ ನಾನೀಗ ‘ಅಂದಾಜಿನ ಹೊಯ್ದಾಟ’ ಎಂದು ಬರೆಯುತ್ತೇನೆ, ಕೆಳಗೆ ನಷ್ಟದ 200ನ್ನೂ ಲಾಭದ 1,800ನ್ನೂ ಒಂದೇ ಅಳತೆಯ ಅಕ್ಷರದಲ್ಲಿ. ಮೊನ್ನೆಯ ಕರಡಿನಲ್ಲಿ ಆ ಸಾಲನ್ನು ಯಾರೂ ಹೊಡೆದುಹಾಕಿಲ್ಲ, “ಹಾಗಾದರೆ ಹಾಕಿಸಬೇಕೋ ಬೇಡವೋ?” ಎಂದು ಅಂಚಿನಲ್ಲಿ ಬರೆದಿದ್ದಾರೆ.