ಹಗೆಯ ನೆನಪೇ ಒಕ್ಕೂಟಕ್ಕೆ ಬುನಾದಿ

ಫ್ರಾನ್ಸ್‌ನ ಪೂರ್ವದಂಚಿನ ಸ್ಟ್ರಾಸ್‌ಬರ್ಗ್ ನಗರದ ಚೌಕವೊಂದರಲ್ಲಿ 1936ರಲ್ಲಿ ಸ್ಥಾಪಿಸಿದ ಯುದ್ಧ ಸ್ಮಾರಕವಿದೆ. ತಾಯಿಯೊಬ್ಬಳು ಸಾಯುತ್ತಿರುವ ತನ್ನಿಬ್ಬರು ಮಕ್ಕಳನ್ನು ಆತುಕೊಂಡು ಕುಳಿತಿದ್ದಾಳೆ. ಒಬ್ಬ ಫ್ರಾನ್ಸ್‌ನ ಪರ ಹೋರಾಡಿದವನು, ಇನ್ನೊಬ್ಬ ಜರ್ಮನಿಯ ಪರ. ಇಬ್ಬರ ಮೈಮೇಲೂ ಸಮವಸ್ತ್ರವಿಲ್ಲ. ಮಡಿದವರು ಯಾವ ದೇಶಕ್ಕಾಗಿ ಮಡಿದರೆಂದು ಕಲ್ಲಿನ ಮೇಲೆ ಬರೆದಿಲ್ಲ. ಬರೆಯುವುದಾದರೂ ಯಾವ ದೇಶದ ಹೆಸರನ್ನು? 1871ರಲ್ಲಿ ಜರ್ಮನಿಯ ಪಾಲಾಗಿದ್ದ ಈ ಊರು ಮೊದಲ ಮಹಾಯುದ್ಧದ ಬಳಿಕ ಫ್ರಾನ್ಸ್‌ಗೆ ಮರಳಿತ್ತು. ಸ್ಮಾರಕ ಎದ್ದ ನಾಲ್ಕೇ ವರ್ಷಕ್ಕೆ ಮತ್ತೆ ಜರ್ಮನಿಯ ವಶವಾಗಿ, 1944ರ ನವೆಂಬರಿನಲ್ಲಿ ಬಿಡುಗಡೆ ಹೊಂದಿತು.

ಇಂದು ಅದೇ ನಗರದಲ್ಲಿ ಯುರೋಪಿಯನ್ ಸಂಸತ್ತು ಕಲಾಪ ನಡೆಸುತ್ತದೆ. ಶತಮಾನಗಳ ಕಾಲ ಒಬ್ಬರ ನೆತ್ತರನ್ನೊಬ್ಬರು ಹರಿಸಿದ ರಾಷ್ಟ್ರಗಳು ರಾಜಕೀಯವಾಗಿ ಒಂದಾಗಲು ಸಾಧ್ಯವೇ, ಒಂದಾಗಬೇಕೇ ಎಂಬ ಪ್ರಶ್ನೆ ಎದ್ದಾಗಲೆಲ್ಲ ಹಳೆಯ ವೈರವನ್ನೇ ದೊಡ್ಡ ತಡೆಯೆಂದು ತೋರಿಸುವವರುಂಟು. ನನಗೆ ಅದು ತಲೆಕೆಳಗಾದ ವಾದವೆಂದು ತೋರುತ್ತದೆ. ಎಂದೂ ಜಗಳವಾಡದ ನೆರೆಹೊರೆಯವರಿಗೆ ಒಪ್ಪಂದದ ಕಾಗದ ಬೇಕಾಗುವುದಿಲ್ಲ. ಯುರೋಪಿಗೆ ಒಕ್ಕೂಟ ಬೇಕಾಗಿರುವುದೇ ವೈರದ ಕಾರಣದಿಂದ.

ಆರಂಭದಲ್ಲಿ ಇದನ್ನು ಬಲ್ಲವರು ಇದ್ದರು. 1950ರ ಮೇ 9ರಂದು ಫ್ರಾನ್ಸ್‌ನ ವಿದೇಶಾಂಗ ಸಚಿವ ರಾಬರ್ಟ್ ಶೂಮನ್, ಎರಡೂ ದೇಶಗಳ ಕಲ್ಲಿದ್ದಲು ಮತ್ತು ಉಕ್ಕಿನ ಉತ್ಪಾದನೆಯನ್ನು ಒಂದೇ ಆಡಳಿತದ ಕೆಳಗೆ ತರುವ ಪ್ರಸ್ತಾಪ ಮಂಡಿಸಿದರು. ಅವರು ಜರ್ಮನ್ ಪ್ರಜೆಯಾಗಿ ಹುಟ್ಟಿ, ಗಡಿ ಸರಿದುದರಿಂದ ಫ್ರೆಂಚ್ ಪ್ರಜೆಯಾದವರು. ಫಿರಂಗಿ ತಯಾರಾಗುವುದು ಉಕ್ಕಿನಿಂದ. ಉಕ್ಕಿನ ಕೀಲಿಕೈ ಇಬ್ಬರ ಕೈಯಲ್ಲೂ ಇದ್ದರೆ ಒಬ್ಬರಿಗೆ ತಿಳಿಯದಂತೆ ಇನ್ನೊಬ್ಬರು ಯುದ್ಧಕ್ಕೆ ಅಣಿಯಾಗಲಾರರು. 1951ರಲ್ಲಿ ಆರು ರಾಷ್ಟ್ರಗಳು ಇದಕ್ಕೆ ಸಹಿ ಹಾಕಿದವು. 70 ವರ್ಷಗಳಲ್ಲಿ ಮೂರು ಬಾರಿ ಕಾದಾಡಿದ್ದ ಫ್ರಾನ್ಸ್ ಮತ್ತು ಜರ್ಮನಿ ಆ ಬಳಿಕ ಒಮ್ಮೆಯೂ ಶಸ್ತ್ರ ಎತ್ತಿಲ್ಲ.

ಆದರೆ ಮಾರುಕಟ್ಟೆಯ ಏಕತೆ ಸಾಗಿದ ವೇಗದಲ್ಲಿ ರಾಜಕೀಯ ಏಕತೆ ಸಾಗಲಿಲ್ಲ. ಸಮಾನ ಸೇನೆ ಕಟ್ಟುವ ಆಲೋಚನೆಯನ್ನು ಮುಂದಿಟ್ಟಿದ್ದು ಫ್ರಾನ್ಸ್. 1954ರಲ್ಲಿ ಆ ಒಪ್ಪಂದವನ್ನು ಕೈಬಿಟ್ಟಿದ್ದೂ ಫ್ರಾನ್ಸ್‌ನ ಸಂಸತ್ತೇ. 2002ರಲ್ಲಿ ಯೂರೊ ನೋಟುಗಳು ಜನರ ಕೈಸೇರಿದವು, ಅವುಗಳ ಹಿಂದೆ ಸಮಾನ ಖಜಾನೆ ಇರಲಿಲ್ಲ. ಆ ಕೊರತೆಯ ಬೆಲೆಯನ್ನು 2010ರಿಂದಾಚೆಗೆ ಗ್ರೀಸಿನ ಪಿಂಚಣಿದಾರರೂ ನಿರುದ್ಯೋಗಿಗಳೂ ತೆತ್ತರು. ಇಂದಿಗೂ ಒಕ್ಕೂಟದ ಆಯವ್ಯಯ ಸದಸ್ಯ ರಾಷ್ಟ್ರಗಳ ಒಟ್ಟು ಆದಾಯದ ಶೇ 1ರ ಆಸುಪಾಸಿನಲ್ಲಿದೆ.

ವಿದೇಶಾಂಗ ನೀತಿಯಲ್ಲಂತೂ ಈ ಅರೆಬರೆ ಏಕತೆ ಅಪಾಯಕಾರಿಯೇ ಆಯಿತು. ರಷ್ಯಾದ ಅನಿಲವನ್ನು ಬಾಲ್ಟಿಕ್ ಸಮುದ್ರದಡಿಯ ಕೊಳವೆಯಲ್ಲಿ ನೇರವಾಗಿ ತರಿಸಿಕೊಳ್ಳಲು ಜರ್ಮನಿ ಮುಂದಾದಾಗ ಪೋಲೆಂಡ್ ಬಲವಾಗಿ ವಿರೋಧಿಸಿತು. 1939ರಲ್ಲಿ ಆ ಎರಡು ಶಕ್ತಿಗಳು ತನ್ನನ್ನು ಹಂಚಿಕೊಂಡದ್ದನ್ನು ಪೋಲೆಂಡ್ ಮರೆತಿರಲಿಲ್ಲ. ಬರ್ಲಿನ್ ಅದನ್ನು ಹಳೆಯ ಭೀತಿಯೆಂದು ಬದಿಗೆ ಸರಿಸಿತು. 2022ರ ಫೆಬ್ರುವರಿಯಲ್ಲಿ ರಷ್ಯಾದ ಸೇನೆ ಉಕ್ರೇನಿಗೆ ನುಗ್ಗುವ ವೇಳೆಗೆ ಜರ್ಮನಿ ಆಮದು ಮಾಡಿಕೊಳ್ಳುತ್ತಿದ್ದ ಅನಿಲದಲ್ಲಿ ಅರ್ಧದಷ್ಟು ರಷ್ಯಾದ್ದೇ ಆಗಿತ್ತು. ಇಂಥ ವಿಷಯಗಳು ಒಂದೇ ಮೇಜಿನ ಮೇಲೆ ತೀರ್ಮಾನವಾಗುವಂತಿದ್ದರೆ ಪೋಲೆಂಡಿನ ಕಹಿ ನೆನಪು ಜರ್ಮನಿಗೆ ಎಚ್ಚರಿಕೆಯಾಗಿ ಒದಗುತ್ತಿತ್ತು. ಮರುವರ್ಷ ಡಿಸೆಂಬರಿನಲ್ಲಿ ಉಕ್ರೇನಿಗೆ 5,000 ಕೋಟಿ ಯೂರೊ ನೆರವು ನೀಡಲು ಉಳಿದವರೆಲ್ಲ ಒಪ್ಪಿದರೂ ಹಂಗರಿಯೊಂದೇ ಅದನ್ನು ತಡೆಯಿತು. ಒಪ್ಪಿಗೆ ದೊರೆತದ್ದು 2024ರ ಫೆಬ್ರುವರಿಯಲ್ಲಿ. ಸರ್ವಾನುಮತದ ನಿಯಮ ಚಿಕ್ಕ ರಾಷ್ಟ್ರಗಳ ರಕ್ಷಣೆಗೆಂದು ಇರುವುದು. ಅದು ಎಲ್ಲರ ಕೈ ಕಟ್ಟುವ ಹಗ್ಗವೂ ಆಗಬಲ್ಲದು.

ಇದರ ವಿರುದ್ಧದ ವಾದಗಳಲ್ಲಿ ಒಂದನ್ನು ನಾನು ಲಘುವಾಗಿ ಕಾಣಲಾರೆ. ಅದು ಜನರ ಸಮ್ಮತಿಯ ಪ್ರಶ್ನೆ. 2005ರಲ್ಲಿ ಯುರೋಪಿಯನ್ ಸಂವಿಧಾನದ ಕರಡನ್ನು ಫ್ರಾನ್ಸ್‌ನ ಶೇ 55ರಷ್ಟು, ನೆದರ್ಲೆಂಡ್ಸ್‌ನ ಶೇ 61ಕ್ಕೂ ಹೆಚ್ಚು ಮತದಾರರು ತಿರಸ್ಕರಿಸಿದರು. ಅದರ ಬಹುಪಾಲು ಅಂಶಗಳು 2009ರಲ್ಲಿ ಲಿಸ್ಬನ್ ಒಪ್ಪಂದವೆಂಬ ಹೆಸರಿನಲ್ಲಿ ಜಾರಿಗೆ ಬಂದವು. ಆ ಎರಡು ದೇಶಗಳಲ್ಲಿ ಜನರನ್ನು ಮತ್ತೆ ಕೇಳಲಿಲ್ಲ. ಮುಂಬಾಗಿಲಿನಲ್ಲಿ ಬೇಡವೆಂದದ್ದನ್ನು ಹಿತ್ತಲಿನಿಂದ ತಂದರೆ ಮನೆಯವರ ವಿಶ್ವಾಸ ಉಳಿಯುವುದೆಂತು? 2016ರಲ್ಲಿ ಬ್ರಿಟನ್ನಿನ ಶೇ 52ರಷ್ಟು ಮತದಾರರು ಹೊರನಡೆಯಲು ಮತ ಹಾಕಿದ್ದರ ಹಿಂದೆ ಹಲವು ಕಾರಣಗಳಿದ್ದವು. ತಮ್ಮನ್ನು ಕೇಳದೆ ಎಲ್ಲೋ ದೂರದಲ್ಲಿ ತೀರ್ಮಾನಗಳಾಗುತ್ತಿವೆ ಎಂಬ ಭಾವನೆಯೂ ಅವುಗಳಲ್ಲಿ ಒಂದು. ಅದು ಹಳೆಯ ಹಗೆಯಲ್ಲ, ಹೊಸ ಅಸಮಾಧಾನ.

ಆದ್ದರಿಂದ ಎಲ್ಲವನ್ನೂ ನುಂಗುವ ಮಹಾರಾಜ್ಯವನ್ನು ನಾನು ಬಯಸುವುದಿಲ್ಲ. 24 ಅಧಿಕೃತ ಭಾಷೆಗಳಿರುವೆಡೆ ಶಾಲೆ, ಭಾಷೆ, ಸಂಸ್ಕೃತಿಗಳು ಆಯಾ ರಾಷ್ಟ್ರದ ಕೈಯಲ್ಲೇ ಇರಲಿ. ರಕ್ಷಣೆ, ವಿದೇಶಾಂಗ ವ್ಯವಹಾರ, ಇಂಧನ ಭದ್ರತೆ ಇವಿಷ್ಟು ಒಂದಾಗಲಿ. ಒಕ್ಕೂಟದ ಇತರ ಹಲವು ವಿಷಯಗಳಲ್ಲಿ ಈಗಾಗಲೇ ಬಳಕೆಯಲ್ಲಿರುವ, ಶೇ 55ರಷ್ಟು ರಾಷ್ಟ್ರಗಳು ಮತ್ತು ಶೇ 65ರಷ್ಟು ಜನಸಂಖ್ಯೆಯ ಬೆಂಬಲ ಬೇಡುವ ಬಹುಮತದ ನಿಯಮ ಇಲ್ಲಿಗೂ ಅನ್ವಯವಾಗಲಿ. ಒಲ್ಲದವರು ಯೂರೊದಿಂದ ಡೆನ್ಮಾರ್ಕ್ ಹೊರಗುಳಿದಂತೆ ಹೊರಗುಳಿಯಲಿ. ಎಲ್ಲಕ್ಕಿಂತ ಮೊದಲು ಜನರನ್ನು ಕೇಳಲಿ. ಅವರು ಬೇಡವೆಂದರೆ ಅದನ್ನು ಗೌರವಿಸಿ ಕಾಯಲಿ.

ಹಾಗೆ ಕೇಳುವಾಗ ಹಳೆಯ ಗಾಯಗಳನ್ನು ಮುಚ್ಚಿಡುವ ಅಗತ್ಯವಿಲ್ಲ. ಸ್ಟ್ರಾಸ್‌ಬರ್ಗಿನ ಆ ತಾಯಿ ತನ್ನ ಮಕ್ಕಳು ಪರಸ್ಪರ ಶತ್ರುಗಳಾಗಿದ್ದರೆಂಬುದನ್ನು ಮರೆತಿಲ್ಲ. ಮರೆತಿಲ್ಲದಿರುವುದರಿಂದಲೇ ಇಬ್ಬರನ್ನೂ ಕೈಬಿಟ್ಟಿಲ್ಲ.